ಕೈಯಿಂದ ಬರೆದ ‘ಹಂಸ ದಮಯಂತಿ’ ಕಾಪಿ ಬೇಕು: ಕಲಬುರಗಿಯಲ್ಲೇ ಬರೆಸಲೋ, ಆನ್‌ಲೈನ್‌ನಲ್ಲಿ ತರಿಸಲೋ?

ಸೇಡಂ ರೋಡ್:
ಎಲ್ಲರಿಗೂ ನಮಸ್ಕಾರ. ನಮ್ಮ ಹೊಸ ಮನೆ ಮುಗಿಯುತ್ತಾ ಬಂದಿದೆ. ಹಾಲ್‌ನ ದೊಡ್ಡ ಗೋಡೆಗೆ ರವಿವರ್ಮರ ‘ಹಂಸ ದಮಯಂತಿ’ ಹಾಕಬೇಕು ಅಂತ ಅವ್ವನ ಆಸೆ. ಅವ್ವ ಪಿಯು ಕಾಲೇಜಿನಲ್ಲಿ ಕನ್ನಡ ಪಾಠ ಮಾಡಿದವಳು. ಕನಕದಾಸರ ನಳಚರಿತ್ರೆ ಅಂದ್ರೆ ಪ್ರಾಣ. ಪ್ರಿಂಟ್ ಬೇಡ, ಕೈಯಿಂದ ಬರೆದದ್ದೇ ಆಗಬೇಕು ಅಂತಾಳೆ.

ಆನ್‌ಲೈನ್‌ನಲ್ಲಿ ‘ನೂರಕ್ಕೆ ನೂರು ಕೈಯಿಂದ ಬರೆದದ್ದು’ ಅಂತ ಹಾಕಿ ಮೂರೂವರೆ ಸಾವಿರಕ್ಕೆ ಕೊಡ್ತಿದಾರೆ, ಫ್ರೇಮ್ ಸಮೇತ. ಇಲ್ಲಿ ಊರಲ್ಲೇ ಒಬ್ಬ ಕಲಾವಿದರನ್ನ ಕೇಳಿದೆ. ಅದರ ಆರೇಳು ಪಟ್ಟು ಹೇಳಿದರು, ಎರಡು ತಿಂಗಳು ಟೈಮ್ ಬೇಕು ಅಂದರು. ಇಷ್ಟು ಫರಕು ಯಾಕೆ? ಇಬ್ಬರೂ ಬರೆಯೋದು ಅದೇ ಚಿತ್ರ ಅಲ್ವಾ? ಬರೆಸಿದವರು, ಬರೆಯುವವರು ಯಾರಾದರೂ ಇದ್ದರೆ ಹೇಳಿ. ಇನ್ನೊಂದು, ಹೀಗೆ ಕಾಪಿ ಮಾಡಿಸೋದು ಕಾನೂನಿನ ಪ್ರಕಾರ ತಪ್ಪಾ?

ಗಂಜ್ ಏರಿಯಾ:
ಎರಡು ತಿಂಗಳು ಕೇಳಿದವರ ಹತ್ರಾನೇ ಬರೆಸಿ. ವಾರದಲ್ಲಿ ಕೊಡ್ತೀನಿ ಅನ್ನುವವರ ಹತ್ರ ಹೋಗಲೇಬೇಡಿ.

ಆಳಂದ ನಾಕಾ:
ಮೂರೂವರೆ ಸಾವಿರದ್ದು ನಮ್ಮ ಮನೆಗೂ ಬಂದಿತ್ತು ಅಕ್ಕ. ‘ಶಕುಂತಲೆ’ ತರಿಸಿದ್ವಿ. ದೂರದಿಂದ ಭಾಳ ಚಲೋ ಕಾಣ್ತಿತ್ತು, ಕೈ ಆಡಿಸಿದರೆ ಬಣ್ಣದ ಉಬ್ಬೂ ಸಿಗುತ್ತಿತ್ತು. ನಮ್ಮ ಯಜಮಾನ್ರು ಖುಷಿಯಿಂದ ಮೊಳೆ ಹೊಡೆದು ಹಾಕಿದರು. ಆಮೇಲೆ ಡ್ರಾಯಿಂಗ್ ಕಲಿಯುತ್ತಿರುವ ನಮ್ಮ ತಮ್ಮ ಬಂದು ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿದು ತೋರಿಸಿದ. ಸೀರೆಯ ನೆರಿಗೆ ಕೆಳಗೆ ಇಳಿಯುತ್ತೆ, ಬ್ರಷ್ಷಿನ ಗೆರೆ ಮಾತ್ರ ಅಡ್ಡಡ್ಡ ಹೋಗಿದೆ. ಮುಖದ ಮೇಲೂ ಅದೇ ಅಡ್ಡ ಗೆರೆ, ಮರದ ಮೇಲೂ ಅದೇ. ಅಂದರೆ ಕ್ಯಾನ್ವಾಸ್ ಮೇಲೆ ಪ್ರಿಂಟ್ ಹೊಡೆದು, ಮೇಲೆ ಪಾರದರ್ಶಕ ಜೆಲ್ ಬಳಿದಿದ್ದಾರೆ. ವಾಪಸ್ ತಗೊಳ್ಳಿ ಅಂದ್ರೆ ಫೋನೇ ಎತ್ತಲಿಲ್ಲ. ಸಿಟ್ಟು ಇವತ್ತಿಗೂ ಇದೆ ನನಗೆ. ಪ್ರಿಂಟ್ ಅಂತ ಹೇಳಿ ಮಾರಿದ್ದರೆ ಪ್ರಿಂಟ್ ಅಂತಲೇ ಕೊಳ್ಳುತ್ತಿದ್ವಿ.

ಸೇಡಂ ರೋಡ್:
ಅಯ್ಯೋ ಅಕ್ಕ, ನಾನು ನೋಡಿದ್ದೂ ಅಂಥದ್ದೇ ಇರಬೇಕು. ಗೊತ್ತಾಗೋದು ಹೇಗೆ, ಫೋಟೋದಲ್ಲೇ ಹಿಡಿಯೋಕೆ ಆಗುತ್ತಾ?

ಕುಂಚದ ಕೆಲಸ:
ಫೋಟೋದಲ್ಲಿ ಕಷ್ಟ. ಕೈಗೆ ಬಂದಾಗ ಕ್ಯಾನ್ವಾಸ್ ಅಂಚು ನೋಡಿ. ಮರದ ಕಟ್ಟಿಗೆ ಮಡಚಿದ ಜಾಗದಲ್ಲಿ ಕೈಯಿಂದ ಬರೆದದ್ದಾದರೆ ಬಣ್ಣ ಎಲ್ಲೆಲ್ಲೋ ನಿಂತಿರುತ್ತೆ, ಬೆರಳಿನ ಗುರುತು ಇರುತ್ತೆ. ಪ್ರಿಂಟ್ ಆದರೆ ಗೆರೆ ಎಳೆದ ಹಾಗೆ ನೇರ ನಿಂತಿರುತ್ತೆ. ಒಂದು ಭೂತಗನ್ನಡಿ ಹಿಡಿದು ಕೆನ್ನೆಯ ಭಾಗ ನೋಡಿ. ಸಣ್ಣ ಸಣ್ಣ ಚುಕ್ಕಿ ಕಂಡರೆ ಮುಗೀತು, ಅದು ಇಂಕ್ ಜೆಟ್.

ಇನ್ನು ರೇಟಿನ ವಿಷಯ. ನಾನು ಇದೇ ಕೆಲಸ ಮಾಡುವವನು, ಆದ್ದರಿಂದ ಸ್ವಲ್ಪ ಉದ್ದ ಬರೀತೀನಿ.

ಮೊದಲು ಫೋಟೋ ಮೇಲೆ ಚೌಕ ಹಾಕಬೇಕು. ಕ್ಯಾನ್ವಾಸ್ ಮೇಲೂ ಅದೇ ಲೆಕ್ಕದ ಚೌಕ. ಒಂದೊಂದೇ ಚೌಕದ ರೇಖೆ ಇಳಿಸಬೇಕು. ಆಮೇಲೆ ಬರ್ನ್ಟ್ ಅಂಬರ್ ಬಣ್ಣವನ್ನ ಟರ್ಪೆಂಟೈನ್‌ನಲ್ಲಿ ತೆಳ್ಳಗೆ ಕಲಸಿ ಬರೀ ನೆರಳು ಬೆಳಕು ಕೂಡಿಸೋದು. ಈ ಹಂತದಲ್ಲಿ ಚಿತ್ರ ಪೂರ್ತಿ ಕಂದು. ಗಿರಾಕಿ ಬಂದು ನೋಡಿದರೆ ಗಾಬರಿ ಆಗ್ತಾರೆ. ಅದು ಒಣಗಿದ ಮೇಲೆ ಮೈ ಬಣ್ಣ, ಬಟ್ಟೆ, ಹಿನ್ನೆಲೆ. ಎಣ್ಣೆ ಬಣ್ಣ ನೀರಿನ ಬಣ್ಣದ ಹಾಗೆ ಆರುವುದಿಲ್ಲ. ಅದರಲ್ಲಿರೋದು ಅಗಸಿ ಎಣ್ಣೆ, ನಾವು ಹಿಂಡಿ ಕುಟ್ಟಿ ರೊಟ್ಟಿ ಜೊತೆ ತಿನ್ನುತ್ತೀವಲ್ಲ ಅದೇ ಅಗಸಿ. ಅದು ಗಾಳಿಯ ಆಮ್ಲಜನಕ ಹೀರಿಕೊಂಡು ಗಟ್ಟಿ ಆಗುತ್ತೆ, ಅದಕ್ಕೆ ದಿನಗಟ್ಟಲೆ ಬೇಕು. ಕೆಳಗಿನ ಪದರಕ್ಕೆ ಎಣ್ಣೆ ಕಡಿಮೆ, ಮೇಲಿನದಕ್ಕೆ ಜಾಸ್ತಿ ಇರಬೇಕು. ಅವಸರ ಮಾಡಿ ಉಲ್ಟಾ ಹಾಕಿದರೆ ಮೇಲಿನ ಪದರ ಮೊದಲು ಒಣಗಿ ನಾಲ್ಕೈದು ವರ್ಷಕ್ಕೆ ಬಿರುಕು ಬಿಡುತ್ತೆ.

ದಮಯಂತಿಯ ಕೆಂಪು ಸೀರೆ ಇದೆಯಲ್ಲ, ಅದು ಒಂದೇ ಕೆಂಪಿನಲ್ಲಿ ಬರೋದಿಲ್ಲ. ಕೆಳಗೆ ಒಂದು ಗಟ್ಟಿ ಕೆಂಪು ಹಾಕಿ, ಪೂರ್ತಿ ಒಣಗಿದ ಮೇಲೆ ಅಲಿಜರಿನ್ ಕ್ರಿಮ್ಸನ್ ಅನ್ನೋ ಕಡು ಕೆಂಪನ್ನ ತೆಳುವಾಗಿ ಹರಿಸಬೇಕು. ಆಗ ರೇಷ್ಮೆಯ ಆಳ ಬರುತ್ತೆ. ಅಲಿಜರಿನ್ ಒಣಗೋದು ಭಾಳ ನಿಧಾನ. ಜರಿ ಅಂಚಿನ ವಿಷಯ ಇನ್ನೂ ಬೇರೆ. ಹೊಸಬರು ಒಂದೊಂದೇ ಎಳೆ ಬರೆಯಲು ಹೋಗ್ತಾರೆ, ಅಂಚು ಸತ್ತ ಹಾಗೆ ಕಾಣುತ್ತೆ. ಹತ್ತಿರ ಹೋಗಿ ನೋಡಿದರೆ ಅಲ್ಲಿ ಎಳೆಯೇ ಇರಬಾರದು. ಬೆಳಕು ಬಿದ್ದ ಕಡೆ ಮಾತ್ರ ನಾಲ್ಕು ದಪ್ಪ ಹಳದಿ ಚುಕ್ಕೆ, ನೆರಳಿನ ಕಡೆ ಕಂದು. ಮೂರು ಹೆಜ್ಜೆ ಹಿಂದೆ ಬಂದರೆ ಅದೇ ಜರಿ ಆಗುತ್ತೆ. ಈ ನಾಲ್ಕು ಚುಕ್ಕೆ ಎಲ್ಲಿ ಇಡಬೇಕು ಅಂತ ಗೊತ್ತಾಗೋಕೆ ವರ್ಷಗಳು ಬೇಕು. ಆರೇಳು ಪಟ್ಟು ರೇಟು ಅದಕ್ಕೆ.

ಗಂಜ್ ಏರಿಯಾ:
ಬರೋಬ್ಬರಿ ಹೇಳಿದ್ರಿ ಸರ್.

ಬೀದರ್ ಕೋಟೆ:
ಎಲ್ಲ ಸರಿ, ಆದರೆ ಪ್ರಿಂಟ್ ಅಂದ್ರೆ ಮೂಗು ಮುರಿಯೋದು ನನಗೆ ಒಪ್ಪಿಗೆ ಇಲ್ಲ. ರವಿವರ್ಮರೇ ತಮ್ಮ ಚಿತ್ರ ಮನೆಮನೆಗೂ ಹೋಗಲಿ ಅಂತ 1894ರಲ್ಲಿ ಮುಂಬೈಯಲ್ಲಿ ಪ್ರೆಸ್ ಹಾಕಿದವರು. ಜರ್ಮನಿಯಿಂದ ಯಂತ್ರ, ಅಲ್ಲಿಂದಲೇ ತಂತ್ರಜ್ಞರು. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಮೊದಲು ಅಚ್ಚಾಗಿ ಬಂದದ್ದು ‘ಶಕುಂತಲೆಯ ಜನನ’. ಆಮೇಲೆ ಪ್ರೆಸ್ ಲೋಣಾವಳಾ ಹತ್ತಿರದ ಮಳವಲಿಗೆ ಹೋಯಿತು. ಸಾಲ ಜಾಸ್ತಿ ಆಗಿ ಕೊನೆಗೆ ಜರ್ಮನ್ ತಂತ್ರಜ್ಞ ಫ್ರಿಟ್ಸ್ ಶ್ಲೈಷರ್‌ಗೆ ಮಾರಿದರು. ನಮ್ಮ ಅಜ್ಜಿ ಮನೆಯ ಲಕ್ಷ್ಮಿ ಪಟ ಅದೇ ಕಾಲದ್ದು, ಅದರ ಸೀರೆಗೆ ಖರೇ ಜರಿ, ಚಮಕಿ ಅಂಟಿಸಿದ್ದಾರೆ. ಅರಮನೆಯ ಗೋಡೆಯಲ್ಲಿ ಇದ್ದ ನಳ ದಮಯಂತಿ, ಹರಿಶ್ಚಂದ್ರ ಬಡವರ ಮನೆಗೆ ಬಂದದ್ದೇ ಅಚ್ಚಿನಿಂದ. ಅದನ್ನ ಕೀಳು ಅನ್ನಬೇಡಿ.

ಆಳಂದ ನಾಕಾ:
ಅಣ್ಣಾ, ಪ್ರಿಂಟ್ ಕೀಳು ಅಂತ ಯಾರೂ ಅಂದಿಲ್ಲ. ಪ್ರಿಂಟನ್ನ ಕೈಕೆಲಸ ಅಂತ ಮಾರೋದು ಮೋಸ ಅಂದೆ.

ಬೀದರ್ ಕೋಟೆ:
ಅದು ಒಪ್ಪಿದೆ ಅಕ್ಕ.

ಯಾದಗಿರಿ ಪ್ಯಾಸೆಂಜರ್:
ನನ್ನ ಪ್ರಶ್ನೆ ಬೇರೆ. ಬೇರೆಯವರ ಚಿತ್ರವನ್ನ ಹಾಗೇ ಇಳಿಸೋದರಲ್ಲಿ ಕಲೆ ಏನಿದೆ? ಅದೇ ದುಡ್ಡು, ಅದೇ ಎರಡು ತಿಂಗಳು ಕೊಟ್ಟು ಆ ಕಲಾವಿದರಿಗೆ ‘ನಿಮ್ಮದೇ ದಮಯಂತಿ ಬರೀರಿ’ ಅಂತ ಯಾಕೆ ಹೇಳಬಾರದು? ಚೀನಾದಲ್ಲಿ ಶೆನ್ಜೆನ್ ಹತ್ತಿರ ದಾಫೆನ್ ಅಂತ ಊರಿದೆ. ಅಲ್ಲಿ ಸಾವಿರಾರು ಮಂದಿ ದಿನಾ ಕೂತು ವ್ಯಾನ್ ಗಾಗ್ ಸೂರ್ಯಕಾಂತಿ ಬರೀತಾರೆ, ಕಂಟೇನರ್ ತುಂಬಿ ಹೋಗುತ್ತೆ. ಅದು ಕಲೆ ಅಲ್ಲ, ಕಾರ್ಖಾನೆ. ನಮ್ಮ ಕಡೆಯ ಕಲಾವಿದರನ್ನೂ ಅದೇ ದಾರಿಗೆ ಹಚ್ಚಬೇಕಾ?

ಕುಂಚದ ಕೆಲಸ:
ನನ್ನ ಊಟ ಬರೋದು ಇದರಿಂದ, ಆದ್ದರಿಂದ ನೇರವಾಗಿ ಹೇಳ್ತೀನಿ. ಸ್ವಂತ ಚಿತ್ರ ಬರೆಸುವವರು ವರ್ಷಕ್ಕೆ ಒಬ್ಬರು ಬಂದರೆ ಹೆಚ್ಚು. ಕಾಪಿ ಕೇಳಿಕೊಂಡು ಬರುವವರೇ ನನ್ನ ಮನೆ ನಡೆಸೋದು. ಆದರೆ ದುಡ್ಡಿಗೆ ಮಾತ್ರ ಬರೀತೀನಿ ಅಂದ್ರೆ ಸುಳ್ಳಾಗುತ್ತೆ. ಒಬ್ಬ ದೊಡ್ಡ ಕಲಾವಿದ ಎಲ್ಲಿ ಬೆಳಕು ನಿಲ್ಲಿಸಿದ, ಎಲ್ಲಿ ಬಿಟ್ಟ ಅನ್ನೋದು ಕಾಪಿ ಮಾಡುವಾಗ ಗೊತ್ತಾದಷ್ಟು ನೋಡುವಾಗ ಗೊತ್ತಾಗಲ್ಲ. ಇದು ಹೊಸದಲ್ಲ. ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂ ಇವತ್ತಿಗೂ ಅನುಮತಿ ಕೊಟ್ಟು ಒಳಗೇ ಕೂತು ಕಾಪಿ ಮಾಡಲು ಬಿಡುತ್ತೆ. ಒಂದು ಷರತ್ತು, ಕಾಪಿಯ ಅಳತೆ ಅಸಲಿನ ಅಳತೆ ಆಗಿರಬಾರದು. ಇಟಲಿಯ ಕವಿ ಡಾಂಟೆಯ ಕಾವ್ಯದ ನರಕದ ದೃಶ್ಯ ಇಟ್ಟುಕೊಂಡು ಫ್ರಾನ್ಸಿನ ಚಿತ್ರಕಾರ ಡೆಲಾಕ್ರೊವಾ 1822ರಲ್ಲಿ ಒಂದು ದೋಣಿಯ ಚಿತ್ರ ಬರೆದರು. ಅದನ್ನ ಕಾಪಿ ಮಾಡಿದವರಲ್ಲಿ ಎಡುವರ್ಡ್ ಮಾನೆ ಒಬ್ಬರು. ಆ ಮಾನೆ ಮುಂದೆ ತಾವೇ ಎಷ್ಟು ದೊಡ್ಡ ಚಿತ್ರಕಾರರಾದರು ಅಂತ ಎಲ್ಲರಿಗೂ ಗೊತ್ತು.

ಯಾದಗಿರಿ ಪ್ಯಾಸೆಂಜರ್:
ಕಲಿಯೋಕೆ ಕಾಪಿ ಮಾಡೋದು ಬೇರೆ, ಮಾರೋಕೆ ಮಾಡೋದು ಬೇರೆ ಸರ್.

ಹಳಗನ್ನಡದವ:
ನಾನು ಮೂವತ್ತು ವರ್ಷ ಪಾಠ ಮಾಡಿದವನು, ಕಲೆಯ ತಾಂತ್ರಿಕ ವಿಷಯ ನನ್ನದಲ್ಲ. ಆದರೆ ಕಾವ್ಯದ ಚಿತ್ರ ಕಾಪಿ ಮಾಡುವವರು ಕಾವ್ಯ ಓದಿರಬೇಕೋ ಬೇಡವೋ ಅನ್ನೋದರ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯ ಇದೆ.

ರವಿವರ್ಮರ ‘ಶಕುಂತಲೆ’ ತಗೊಳ್ಳಿ. ಸಖಿಯರ ಜೊತೆ ಹೊರಟವಳು ಕಾಲಿಗೆ ಏನೋ ಚುಚ್ಚಿತು ಅಂತ ನಿಲ್ತಾಳೆ. ನಾವು ಮುಳ್ಳು ಅಂತೀವಿ, ಕಾಳಿದಾಸ ಹೇಳೋದು ದರ್ಭೆಯ ಮೊಳಕೆ. ಖರೆ ಅಂದ್ರೆ ಏನೂ ಚುಚ್ಚಿಲ್ಲ. ದುಷ್ಯಂತನನ್ನ ಇನ್ನೊಮ್ಮೆ ನೋಡಬೇಕು, ಅದಕ್ಕೆ ಒಂದು ನೆವ. ಎರಡನೆಯ ಅಂಕದಲ್ಲಿ ದುಷ್ಯಂತನೇ ಇದನ್ನ ವಿದೂಷಕನ ಮುಂದೆ ಹೇಳಿಕೊಂಡು ಹಿಗ್ಗುತ್ತಾನೆ. ನಾರುಮಡಿ ಗಿಡಕ್ಕೆ ಸಿಕ್ಕಿಕೊಳ್ಳದಿದ್ದರೂ ಬಿಡಿಸುವ ಹಾಗೆ ಮಾಡಿದಳು ಅಂತಾನೆ. ಅಂದ ಮೇಲೆ ಆ ಚಿತ್ರದ ಜೀವ ಎಲ್ಲಿದೆ? ಕೈ ಕಾಲಿನ ಹತ್ರ ಇದೆ, ಕಣ್ಣು ಹಿಂದಕ್ಕೆ ತಿರುಗಿದೆ. ಅಷ್ಟೇ. ಒಂದು ಮದುವೆ ಮಂಟಪದಲ್ಲಿ ನೋಡಿದ ಕಾಪಿಯಲ್ಲಿ ಶಕುಂತಲೆ ತನ್ನ ಕಾಲನ್ನೇ ನೋಡ್ತಾ ನಿಂತಿದ್ದಳು! ಬಣ್ಣ ಚಲೋ ಇತ್ತು, ಮೈಕಟ್ಟು ಚಲೋ ಇತ್ತು, ಕತೆ ಮಾತ್ರ ಸತ್ತಿತ್ತು. ಬರೆದವರಿಗೆ ಅದು ಮುಳ್ಳು ತೆಗೆಯುವ ಹುಡುಗಿಯ ಚಿತ್ರ, ಅಷ್ಟೇ.

ಹಾಗಾಗಿ ನಿಮ್ಮ ಕಲಾವಿದರಿಗೆ ಅಡ್ವಾನ್ಸ್ ಕೊಡುವ ಮೊದಲು ಅವರ ಜೊತೆ ಕೂತು ನಳ ದಮಯಂತಿ ಕತೆ ಮಾತಾಡಿ. ಹಂಸ ಆಗಷ್ಟೇ ನಳನ ಗುಣ ಹೇಳಿದೆ. ದಮಯಂತಿ ಅವನನ್ನ ನೋಡಿಯೇ ಇಲ್ಲ. ಬರೀ ಕೇಳಿ ಮನಸ್ಸು ಕೊಟ್ಟವಳ ಮುಖ ಅದು. ಅದು ಗೊತ್ತಿದ್ದರೆ ಕೈ ತಾನಾಗಿ ಸರಿ ಹೋಗುತ್ತೆ.

ಇಂಗ್ಲಿಷ್ ಎಂಎ:
ಸರ್ ಹೇಳಿದ್ದಕ್ಕೆ ನೂರು ಸಲ ಹೌದು ಅಂತೀನಿ. ಇಂಗ್ಲೆಂಡಿನ ಚಿತ್ರಕಾರ ಜಾನ್ ಎವರೆಟ್ ಮಿಲೇ ಬರೆದ ‘ಒಫೀಲಿಯಾ’ ಚಿತ್ರ ಇದೆ, ಲಂಡನ್‌ನ ಟೇಟ್ ಗ್ಯಾಲರಿಯಲ್ಲಿ. ಹ್ಯಾಮ್ಲೆಟ್ ನಾಟಕದಲ್ಲಿ ಒಫೀಲಿಯಾ ಹೊಳೆಗೆ ಬಿದ್ದು ಸಾಯೋದನ್ನ ರಂಗದ ಮೇಲೆ ತೋರಿಸೋದೇ ಇಲ್ಲ, ರಾಣಿ ಬಂದು ಮಾತಿನಲ್ಲಿ ಹೇಳ್ತಾಳೆ. ಮಿಲೇ ಆ ಮಾತನ್ನ ಚಿತ್ರ ಮಾಡಿದ. 1851ರಲ್ಲಿ ಸರ‍್ರೆಯ ಹೊಳೆ ದಂಡೆಗೆ ಹೋಗಿ ಒಂದೊಂದು ಎಲೆ, ಹೂವನ್ನ ಅಲ್ಲೇ ನೋಡಿ ಬರೆದ. ಆಮೇಲೆ ಲಂಡನ್‌ನಲ್ಲಿ ಎಲಿಜಬೆತ್ ಸಿಡಲ್ ಅನ್ನೋ ಹುಡುಗಿಯನ್ನ ನೀರು ತುಂಬಿದ ತೊಟ್ಟಿಯಲ್ಲಿ ಮಲಗಿಸಿ ಬರೆದ. ಕೆಳಗೆ ದೀಪ ಇಟ್ಟು ನೀರು ಬೆಚ್ಚಗೆ ಇಡ್ತಿದ್ದ. ಒಂದು ದಿನ ದೀಪ ಆರಿದ್ದು ಅವನಿಗೆ ಗೊತ್ತಾಗಲಿಲ್ಲ, ಆಕೆ ಬಾಯಿ ಬಿಡಲಿಲ್ಲ, ಜೋರು ಶೀತ ಆಯಿತು. ಹುಡುಗಿಯ ಅಪ್ಪ ಡಾಕ್ಟರ್ ಖರ್ಚು ಕೊಡು ಅಂತ ಕೂತರು.

ಆ ಚಿತ್ರದ ಹೂವು ಸುಮ್ನೆ ಅಲಂಕಾರಕ್ಕೆ ಅಲ್ಲ. ವಿಲೋ ಮರ, ಡೈಸಿ ನಾಟಕದಲ್ಲೇ ಇವೆ. ಕೈ ಹತ್ರ ತೇಲುವ ಕೆಂಪು ಗಸಗಸೆ ಹೂವು ನಾಟಕದಲ್ಲಿ ಇಲ್ಲ, ಸಾವಿನ ಗುರುತು ಅಂತ ಮಿಲೇ ಸೇರಿಸಿದ್ದು. ಅಗ್ಗದ ಕಾಪಿಗಳಲ್ಲಿ ಅದೆಲ್ಲ ಸೇರಿ ಬಣ್ಣದ ಚುಕ್ಕೆಗಳ ರಾಶಿ ಆಗಿಹೋಗುತ್ತೆ. ಗಸಗಸೆ ಗುಲಾಬಿ ಆಗಿರುತ್ತೆ. ಓದದವರಿಗೆ ಗಸಗಸೆಯಾದರೇನು, ಗುಲಾಬಿಯಾದರೇನು.

ಗಂಜ್ ಏರಿಯಾ:
ಅಂದ್ರೆ ಕಾಪಿ ಮಾಡುವವರೆಲ್ಲ ಎಂಎ ಓದಿರಬೇಕಾ? ಇದು ಸ್ವಲ್ಪ ಜಾಸ್ತಿ ಆಯ್ತು. ನಮ್ಮ ಕಡೆ ಬಯಲಾಟಕ್ಕೆ ಪರದೆ ಬರೆಯುವವರು ಶಾಲೆಗೇ ಹೋಗಿರಲಿಲ್ಲ. ರಾಮಾಯಣ, ಮಹಾಭಾರತದ ಒಂದೊಂದು ಪ್ರಸಂಗ ಬಾಯಲ್ಲಿ ಇರ್ತಿತ್ತು ಅವರಿಗೆ.

ಹಳಗನ್ನಡದವ:
ನಾನೂ ಅದನ್ನೇ ಹೇಳೋದು ತಮ್ಮಾ. ಕತೆ ಗೊತ್ತಿರಬೇಕು ಅಂದೆ, ಡಿಗ್ರಿ ಇರಬೇಕು ಅನ್ನಲಿಲ್ಲ.

ಸುರಪುರದವ:
ಒಂದು ತಕರಾರು. ಮಹಾಭಾರತದ ನಳೋಪಾಖ್ಯಾನದಲ್ಲಿ ಹಂಸಗಳಿಗೆ ಬಂಗಾರದ ಅಲಂಕಾರ ಇದೆ. ಶ್ರೀಹರ್ಷನ ಸಂಸ್ಕೃತ ಕಾವ್ಯ ನೈಷಧದಲ್ಲಂತೂ ಹಂಸವೇ ಬಂಗಾರದ್ದು. ರವಿವರ್ಮ ಬಿಳಿ ಹಂಸ ಬರೆದಿದ್ದಾರೆ. ಕತೆ ಗೊತ್ತಿರಬೇಕು ಅಂತೀರಿ, ಹಾಗಾದರೆ ಕಾಪಿಯಲ್ಲಿ ಹಂಸಕ್ಕೆ ಬಂಗಾರ ಹಚ್ಚಬಹುದಾ? ನಮ್ಮ ಸುರಪುರದ ಹಳೆಯ ಚಿತ್ರಗಳಲ್ಲಿ ಚಿನ್ನದ ಕೆಲಸ ಎಷ್ಟು ಸೊಗಸು ನೋಡಿದ್ದೀರಲ್ಲ. ಹಂಸದ ರೆಕ್ಕೆಗೆ ಚಿನ್ನದ ಹಾಳೆ ಹಾಕಿದರೆ ಕತೆಗೂ ಹತ್ತಿರ, ನಮ್ಮ ಕಡೆಗೂ ಹತ್ತಿರ.

ಕುಂಚದ ಕೆಲಸ:
ಬೇಡ. ಆ ಚಿತ್ರದಲ್ಲಿ ಕೆಂಪು ಸೀರೆ ಎದ್ದು ಕಾಣೋದೇ ಪಕ್ಕದ ಬಿಳುಪಿನಿಂದ. ಹಂಸಕ್ಕೆ ಚಿನ್ನ ಹಾಕಿದರೆ ಜರಿ ಅಂಚು, ಒಡವೆ, ಹಂಸ ಮೂರೂ ಜಗಳಕ್ಕೆ ಬೀಳ್ತವೆ. ರವಿವರ್ಮ ಕತೆ ತಿಳಿಯದೆ ಬಿಳಿ ಮಾಡಿದವರಲ್ಲ. ಚಿತ್ರಕ್ಕೆ ಏನು ಬೇಕೋ ಅದನ್ನ ತಗೊಂಡರು. ಕಾಪಿ ಮಾಡುವಾಗ ಅವರ ತೀರ್ಮಾನಕ್ಕೆ ತಲೆಬಾಗಬೇಕು.

ಸುರಪುರದವ:
ಹಾಗಾದರೆ ಸುರಪುರ ಶೈಲಿಯಲ್ಲೇ ಬೇರೆ ದಮಯಂತಿ ಬರೆಸಬೇಕು. ನಾನು ಯಾದಗಿರಿ ಅಣ್ಣನ ಪಕ್ಷ.

ಲಾ ಪಾಯಿಂಟ್:
ಮೊದಲು ಕೇಳಿದ ಕಾನೂನಿನ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಚಿತ್ರಕಾರರು ತೀರಿಕೊಂಡ ಮುಂದಿನ ವರ್ಷದಿಂದ ಲೆಕ್ಕ ಹಾಕಿ 60 ವರ್ಷ ಹಕ್ಕು ಇರುತ್ತೆ. ರವಿವರ್ಮ ತೀರಿಕೊಂಡದ್ದು 1906ರಲ್ಲಿ. ಹಕ್ಕು ಎಂದೋ ಮುಗಿದಿದೆ. ಧಾರಾಳವಾಗಿ ಕಾಪಿ ಮಾಡಿಸಿ. 1979ರಲ್ಲಿ ಅವರ ಕೃತಿಗಳನ್ನ ರಾಷ್ಟ್ರದ ಕಲಾ ನಿಧಿ ಅಂತ ಘೋಷಿಸಿದ್ದಾರೆ, ಅದರಿಂದ ಅಸಲು ಚಿತ್ರ ದೇಶದಿಂದ ಆಚೆ ಒಯ್ಯುವಂತಿಲ್ಲ. ಕಾಪಿಗೂ ಅದಕ್ಕೂ ಸಂಬಂಧ ಇಲ್ಲ.

ಒಂದೇ ಎಚ್ಚರ. ಕೆಳಗೆ ರವಿವರ್ಮರ ಸಹಿ ಇಳಿಸಬೇಡಿ. ಇವತ್ತು ನಿಮ್ಮ ಮನೆಯಲ್ಲಿ ಅದು ಅಂದಕ್ಕೆ ಇರುತ್ತೆ. ನಾಳೆ ಮೊಮ್ಮಕ್ಕಳ ಕಾಲಕ್ಕೆ ಯಾರಾದರೂ ಅಸಲು ಅಂತ ಮಾರಿದರೆ ಅದು ವಂಚನೆ. ಹಿಂಬದಿಯಲ್ಲಿ ‘ರವಿವರ್ಮರ ಹಂಸ ದಮಯಂತಿಯ ಪ್ರತಿ’ ಅಂತ ಬರೆದು, ಕಾಪಿ ಮಾಡಿದ ಕಲಾವಿದರ ಹೆಸರು, ವರ್ಷ ಹಾಕಿಸಿ.

ಕುಂಚದ ಕೆಲಸ:
ಇದನ್ನ ಬರೆದದ್ದಕ್ಕೆ ನಿಮಗೆ ಭಾಳ ಥ್ಯಾಂಕ್ಸ್ ಸರ್. ನಮ್ಮ ಹೆಸರು ಹಿಂಬದಿಯಲ್ಲಾದರೂ ಇರಲಿ ಅಂತ ಕೇಳೋಕೆ ನಮಗೆ ಬಾಯಿ ಬರೋದಿಲ್ಲ. ಗಿರಾಕಿ ಬೇಡ ಅಂದುಬಿಟ್ಟರೆ ಅನ್ನೋ ಅಂಜಿಕೆ.

ಸೇಡಂ ರೋಡ್:
ಎಲ್ಲರಿಗೂ ಧನ್ಯವಾದ. ಅವ್ವನಿಗೆ ಎಲ್ಲ ಓದಿ ಹೇಳಿದೆ. ಊರಿನ ಕಲಾವಿದರಿಗೇ ಕೊಡೋದು ಅಂತ ಗಟ್ಟಿ ಆಯ್ತು. ನಾಳೆ ಅವ್ವನೇ ಹೋಗಿ ಅವರ ಜೊತೆ ಮಾತಾಡ್ತಾಳೆ. ಈಗ ಇನ್ನೊಂದು ತಾಪತ್ರಯ. ನೆಟ್‌ನಲ್ಲಿ ಹತ್ತು ಫೋಟೋ ಸಿಕ್ಕವು, ಹತ್ತರಲ್ಲೂ ಸೀರೆಯ ಬಣ್ಣ ಬೇರೆ ಬೇರೆ. ಒಂದರಲ್ಲಿ ಕಿತ್ತಳೆ, ಇನ್ನೊಂದರಲ್ಲಿ ಕಡು ಕೆಂಪು. ಯಾವುದು ಖರೆ?

ಬೀದರ್ ಕೋಟೆ:
ಅಸಲು ತಿರುವನಂತಪುರದ ಶ್ರೀ ಚಿತ್ರಾ ಆರ್ಟ್ ಗ್ಯಾಲರಿಯದು, 1899ರಲ್ಲಿ ಬರೆದದ್ದು. ಪದ್ಮನಾಭನ ದರ್ಶನಕ್ಕೆ ಹೋಗುವವರು ಯಾರಾದರೂ ಇದ್ದರೆ ನೋಡಿಕೊಂಡು ಬರಲಿ. ಆಗದಿದ್ದರೆ ಒಳ್ಳೆಯ ಕಲಾ ಪುಸ್ತಕದ ಅಚ್ಚು ಹುಡುಕಿ. ಮೊಬೈಲ್ ಪರದೆ ನೋಡಿಕೊಂಡು ಮಾತ್ರ ಬಣ್ಣ ಕೂಡಿಸಬೇಡಿ.

ಮೈಸೂರಾದರೆ ಇನ್ನೂ ಹತ್ತಿರ. ಜಗನ್ಮೋಹನ ಅರಮನೆಯಲ್ಲಿ ರವಿವರ್ಮರ ಅಸಲು ಚಿತ್ರಗಳು ಇವೆ. ದಮಯಂತಿ ಅಲ್ಲಿ ಇಲ್ಲ, ಆದರೆ ಅವರ ಕೆಂಪು ಹೇಗಿರುತ್ತೆ, ಮೈ ಬಣ್ಣ ಹೇಗಿರುತ್ತೆ ಅಂತ ಕಣ್ಣಿಗೆ ಗೊತ್ತಾಗುತ್ತೆ.

ಆಳಂದ ನಾಕಾ:
ಜಗನ್ಮೋಹನದಲ್ಲಿ ರವಿವರ್ಮರ ದೀಪ ಹಿಡಿದ ಹೆಂಗಸಿನ ಚಿತ್ರ ನೋಡಿ ಕಣ್ಣು ತುಂಬಿ ಬಂದಿತ್ತು ನನಗೆ. ದೀಪದ ಬೆಳಕು ಬೆರಳ ಸಂದಿಯಿಂದ ಕೆಂಪಗೆ ಕಾಣುತ್ತೆ.

ಕುಂಚದ ಕೆಲಸ:
ಅಕ್ಕ, ಅದು ರವಿವರ್ಮರದ್ದಲ್ಲ. ಎಸ್. ಎಲ್. ಹಲ್ದಣಕರ್ ಅಂತ ಮರಾಠಿ ಕಲಾವಿದರದ್ದು. ದೀಪ ಹಿಡಿದು ನಿಂತವರು ಅವರ ಮಗಳು. ಅದು ಎಣ್ಣೆ ಬಣ್ಣವೂ ಅಲ್ಲ, ಕಾಗದದ ಮೇಲೆ ಜಲವರ್ಣ. ಜಲವರ್ಣದಲ್ಲಿ ಬೆಳಕು ಅಂದ್ರೆ ಕಾಗದದ ಬಿಳುಪನ್ನೇ ಉಳಿಸಿಕೊಳ್ಳೋದು, ಒಮ್ಮೆ ಕೈ ತಪ್ಪಿದರೆ ಅಳಿಸೋಕೆ ಆಗಲ್ಲ. ಅದಕ್ಕೇ ಎಣ್ಣೆ ಬಣ್ಣದಲ್ಲಿ ಮಾಡಿದ ಅದರ ಕಾಪಿಗಳು ಮಂಕಾಗಿ ಕಾಣ್ತವೆ.

ಆಳಂದ ನಾಕಾ:
ನಮ್ಮ ಮನೆಯ ಕ್ಯಾಲೆಂಡರ್‌ನಲ್ಲಿ ರವಿವರ್ಮ ಅಂತಲೇ ಅಚ್ಚು ಹಾಕಿದ್ದರು! ನೋಡಿ, ಬರೆದವರ ಖರೆ ಹೆಸರು ಹಾಕದಿದ್ದರೆ ಹೀಗೇ ಆಗುತ್ತೆ.

ಫರಸಿ ಕಲ್ಲು:
ನಾನು ಮನೆ ಕಟ್ಟಿಸುವ ಕೆಲಸದವನು. ಚಿತ್ರ ಎಷ್ಟು ಚಲೋ ಬರೆಸಿದರೂ ಗೋಡೆ ನೋಡಿ ಹಾಕಿ. ನಮ್ಮ ಕಡೆ ಶಹಾಬಾದ್ ಕಲ್ಲಿನ ಗೋಡೆ ಮಳೆಗಾಲದಲ್ಲಿ ಒಳಗಿಂದ ಹಸಿ ಹಿಡಿಯುತ್ತೆ, ಮೇಲೆ ಕಾಣಲ್ಲ. ಫ್ರೇಮಿನ ನಾಲ್ಕು ಮೂಲೆಗೆ ಹಿಂದಿನಿಂದ ಕಾರ್ಕ್ ತುಂಡು ಅಂಟಿಸಿ, ಗಾಳಿ ಆಡೋಕೆ ಜಾಗ ಇರಲಿ. ಪಡುವಣ ಗೋಡೆ ಬೇಡವೇ ಬೇಡ. ಏಪ್ರಿಲ್ ಮೇ ತಿಂಗಳಲ್ಲಿ ಸಂಜೆ ಆ ಗೋಡೆ ಮೇಲೆ ಕೈ ಇಡೋಕೆ ಆಗಲ್ಲ. ಗೆದ್ದಲಿಗೆ ಫ್ರೇಮಿನ ಕಟ್ಟಿಗೆ ಮೊದಲೇ ಔಷಧಿ ಹಚ್ಚಿಸಿ.

ಕುಂಚದ ಕೆಲಸ:
ನೂರಕ್ಕೆ ನೂರು ಸರಿ. ಎಣ್ಣೆ ಬಣ್ಣಕ್ಕೆ ಗಾಜೂ ಬೇಡ. ವಾರ್ನಿಷ್ ಕೂಡ ತಕ್ಷಣ ಹಾಕಿಸಬೇಡಿ. ಕನಿಷ್ಠ ಆರು ತಿಂಗಳು ಗೋಡೆ ಮೇಲೆ ಇರಲಿ, ಆಮೇಲೆ ಕಲಾವಿದರೇ ಬಂದು ಹಾಕಿಕೊಡ್ತಾರೆ. ಧೂಳು ಕೂತರೆ ಒಣ ಮೆತ್ತನೆ ಬ್ರಷ್ಷಿನಿಂದ ಒರೆಸಿ, ಒದ್ದೆ ಬಟ್ಟೆ ಮುಟ್ಟಿಸಬೇಡಿ. ಸುರುಳಿ ಮಾಡಿ ಒಯ್ಯಬೇಕಾದರೆ ಬಣ್ಣದ ಮುಖ ಹೊರಗಿರಲಿ. ಎಲ್ಲರೂ ಒಳಗೆ ಹಾಕಿ ಸುತ್ತುತ್ತಾರೆ, ಬಿರುಕು ಬೀಳೋದೇ ಆಗ.

ಯಾದಗಿರಿ ಪ್ಯಾಸೆಂಜರ್:
ನನ್ನ ಮಾತಿಗೆ ಬರ್ತೀನಿ. ರವಿವರ್ಮ ಕಾಳಿದಾಸ, ವ್ಯಾಸರನ್ನ ಬರೆದರು. ಮಿಲೇ ಶೇಕ್ಸ್‌ಪಿಯರ್ ಬರೆದ. ನಮ್ಮ ಪಂಪ, ರನ್ನ, ರಾಘವಾಂಕನನ್ನ ಬರೆದವರು ಯಾರು? ನಮ್ಮ ಮನೆಗಳ ಗೋಡೆ ಮೇಲೆ ಒಂದಾದರೂ ಗದಾಯುದ್ಧದ ಚಿತ್ರ ಇದೆಯಾ? ರನ್ನನ ಆಶ್ರಯದಾತ ಸತ್ಯಾಶ್ರಯನ ಕಾಲಕ್ಕೆ ಚಾಲುಕ್ಯರ ರಾಜಧಾನಿ ಇದೇ ನಮ್ಮ ಮಳಖೇಡ. ಕಲ್ಯಾಣಕ್ಕೆ ಹೋಗಿದ್ದು ಆಮೇಲೆ. ಅದಕ್ಕೂ ಮೊದಲು ಅಮೋಘವರ್ಷನ ಆಸ್ಥಾನದಲ್ಲಿ ಕವಿರಾಜಮಾರ್ಗ ಹುಟ್ಟಿದ್ದೂ ಅಲ್ಲೇ. ಸೇಡಂ ತಾಲೂಕಿನ ಊರಿನ ಕಾವ್ಯಕ್ಕೆ ಸೇಡಂ ರೋಡಿನ ಮನೆಯಲ್ಲಿ ಜಾಗ ಇಲ್ಲ ಅಂದ್ರೆ ಬೇಜಾರಾಗಲ್ವಾ?

ಹಳಗನ್ನಡದವ:
ಈಗ ನೀವು ನನ್ನ ಮನಸ್ಸಿನ ಮಾತು ಆಡಿದ್ರಿ. ಗದಾಯುದ್ಧದಲ್ಲಿ ಒಂದು ಜಾಗ ಇದೆ, ಕ್ಲಾಸಿನಲ್ಲಿ ಅದನ್ನ ಓದುವಾಗ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಿದ್ದರು. ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಅಡಗಿದ್ದಾನೆ. ದಂಡೆ ಮೇಲೆ ನಿಂತು ಭೀಮ ಕೂಗುತ್ತಾನೆ. ಆ ದನಿ ಕೇಳಿ ಸಿಟ್ಟಿನಿಂದ ದುರ್ಯೋಧನ ನೀರಿನ ಒಳಗೆ ಇದ್ದುಕೊಂಡೇ ಬೆವರುತ್ತಾನೆ. ನೀರಿನೊಳಗೆ ಬೆವರು! ರನ್ನ ಇದನ್ನ ಒಂದೇ ಪದ್ಯದಲ್ಲಿ ಮುಗಿಸಿದ. ಕಲಾವಿದರೇ, ಇದನ್ನ ಬರೆಯೋಕೆ ಆಗುತ್ತಾ?

ಕುಂಚದ ಕೆಲಸ:
ಇದನ್ನ ಓದಿ ಸಂಜೆಯಿಂದ ಇದೇ ಯೋಚನೆ ಸರ್. ಹನಿ ಬರೆದರೆ ಅದು ನೀರಿನ ಹನಿ ಅಂತಲೇ ಕಾಣುತ್ತೆ, ಬೆವರು ಅಂತ ಯಾರಿಗೂ ಗೊತ್ತಾಗಲ್ಲ. ಬಣ್ಣದಲ್ಲೇ ಹೇಳಬೇಕು. ಸುತ್ತ ನೀರೆಲ್ಲ ತಣ್ಣನೆ ಹಸಿರು, ನೀಲಿ. ಮುಖ, ಕತ್ತು, ಭುಜ ಮಾತ್ರ ಒಳಗಿಂದ ಕಾದ ತಾಮ್ರದ ಹಾಗೆ. ಮೈಗೆ ತಾಗಿದ ಕಡೆ ನೀರಿಗೂ ಸ್ವಲ್ಪ ಕೆಂಪು ಹತ್ತಬೇಕು. ಕಣ್ಣು ಮೇಲೆ ನೋಡಬೇಕು, ದನಿ ಬಂದ ಕಡೆ. ಭೀಮ ಕಾಣಲೇಬಾರದು, ನೀರಿನ ಮೇಲೆ ಅಲುಗಾಡುವ ನೆರಳು ಸಾಕು.

ಹಳಗನ್ನಡದವ:
ಭೀಮ ಕಾಣಬಾರದು ಅನ್ನೋದು ಭಾಳ ಚಲೋ ಯೋಚನೆ. ಅಲ್ಲಿ ಅವನು ಬರೀ ದನಿ.

ಗಂಜ್ ಏರಿಯಾ:
ಭೀಮ ಇಲ್ಲದೆ ಗದಾಯುದ್ಧ ಅಂದ್ರೆ ನಮ್ಮಂಥವರಿಗೆ ಹೇಗೆ ಗೊತ್ತಾಗಬೇಕು? ದಂಡೆ ಮೇಲೆ ಒಂದು ಕಾಲಾದರೂ ತೋರಿಸಿ.

ಇಂಗ್ಲಿಷ್ ಎಂಎ:
ಕಾಲು ತೋರಿಸಿದರೆ ಎಲ್ಲರೂ ಕಾಲನ್ನೇ ನೋಡ್ತಾರೆ. ನೆರಳೇ ಇರಲಿ.

ಆಳಂದ ನಾಕಾ:
ನಮ್ಮ ಮಗನ ಶಾಲೆಯ ಲೈಬ್ರರಿ ಗೋಡೆ ಖಾಲಿ ಇದೆ. ಈ ದುರ್ಯೋಧನನ ಚಿತ್ರ ಆಗುವವರೆಗೆ ಅಲ್ಲಿಗೆ ಎಸ್. ಎಂ. ಪಂಡಿತರ ಪೌರಾಣಿಕ ಚಿತ್ರ ಒಂದನ್ನ ಕಾಪಿ ಮಾಡಿಸಬೇಕು ಅಂತ ಆಸೆ. ನಮ್ಮ ಊರಲ್ಲೇ ಹುಟ್ಟಿದವರು. ಸಿನಿಮಾ ಪತ್ರಿಕೆಗಳ ಮುಖಪುಟ, ಪೋಸ್ಟರ್, ಕ್ಯಾಲೆಂಡರ್ ಮಾಡಿ ಇಡೀ ದೇಶಕ್ಕೆ ಗೊತ್ತಾದವರು. ರಂಗಮಂದಿರಕ್ಕೆ ಅವರ ಹೆಸರಿದೆ, ಮಕ್ಕಳಿಗೆ ಅವರ ಚಿತ್ರವೇ ಗೊತ್ತಿಲ್ಲ. ರವಿವರ್ಮರ ಹಾಗೆ ಇದನ್ನೂ ಮಾಡಿಸಬಹುದಲ್ವಾ?

ಲಾ ಪಾಯಿಂಟ್:
ಇದಕ್ಕೆ ಅನುಮತಿ ಬೇಕು ಅಕ್ಕ. ಪಂಡಿತರು 1916ರಲ್ಲಿ ಹುಟ್ಟಿ 1993ರಲ್ಲಿ ತೀರಿಕೊಂಡವರು. 1994ರಿಂದ 60 ವರ್ಷ ಅಂದ್ರೆ 2053ರ ಕೊನೆಯವರೆಗೆ ಕಾಪಿರೈಟ್ ಇರುತ್ತೆ. ಕ್ಯಾಲೆಂಡರ್‌ಗೆ ಬರೆದದ್ದಾದರೆ ಹಕ್ಕು ಬರೆಸಿದವರ ಹತ್ರವೂ ಇರಬಹುದು. ಮೊದಲು ಕುಟುಂಬದವರನ್ನ ಕೇಳಿ, ಬರಹದಲ್ಲಿ ಒಪ್ಪಿಗೆ ತಗೊಳ್ಳಿ. ಶಾಲೆಯ ಮಕ್ಕಳಿಗೆ ಅಂತ ವಿವರಿಸಿ ಪತ್ರ ಕೊಡಿ. ಪತ್ರ ಬೇಕಾದರೆ ನಾನು ಬರೆದುಕೊಡ್ತೀನಿ.

ಆಳಂದ ನಾಕಾ:
ಬರೆದುಕೊಡಿ ಸರ್. ಹೆಡ್ ಮೇಡಂ ಜೊತೆ ಸೋಮವಾರ ಮಾತಾಡ್ತೀನಿ.

ಯಾದಗಿರಿ ಪ್ಯಾಸೆಂಜರ್:
ದುರ್ಯೋಧನನಿಗೆ ಎಷ್ಟು ಖರ್ಚು ಬರುತ್ತೆ ಹೇಳಿ ಕುಂಚದ ಸರ್. ಕ್ಯಾನ್ವಾಸ್, ಬಣ್ಣದ ದುಡ್ಡು ನನ್ನದು, ಉಳಿದದ್ದಕ್ಕೆ ಕೈ ಜೋಡಿಸುವವರು ಹೆಸರು ಹೇಳಿ.

ಕುಂಚದ ಕೆಲಸ:
ಮೊದಲು ಪೆನ್ಸಿಲ್‌ನಲ್ಲಿ ಎರಡು ಮೂರು ಸ್ಕೆಚ್ ಹಾಕ್ತೀನಿ, ಅದಕ್ಕೆ ದುಡ್ಡು ಬೇಡ. ಮೇಷ್ಟ್ರು ಆ ಪದ್ಯ, ಅದರ ಹಿಂದು ಮುಂದಿನ ಪದ್ಯಗಳನ್ನ ಅರ್ಥ ಸಮೇತ ಕಳಿಸಿಕೊಡಲಿ. ಗದೆ ಕೈಯಲ್ಲಿ ಇರಬೇಕೋ, ಕೆಳಗೆ ಕೆಸರಿನಲ್ಲಿ ಊರಿರಬೇಕೋ ಅನ್ನೋದೂ ಗೊತ್ತಾಗಬೇಕು.